ಖಾತೆಯ ಬೀಗದಕೈ ಯಾರ ಬಳಿ ಇರಬೇಕು?

ಬರುವ ಮಹಾಸಭೆಯ ಕಾರ್ಯಸೂಚಿ ಸದಸ್ಯ ಬಂಧುಗಳ ಕೈಸೇರಿರಬಹುದು. ಲಾಭಾಂಶದ ಹಂಚಿಕೆ, ಗೋದಾಮಿನ ಛಾವಣಿ, ಮೈಲುತುತ್ತದ ಖರೀದಿ ಎಲ್ಲವೂ ಮುಗಿದ ಮೇಲೆ ತೀರ ಕೊನೆಯಲ್ಲಿ ಒಂದು ಸಾಲು ಇದೆ: ಸಂಘದ ವೆಬ್ ಪುಟದಲ್ಲಿ ಸದಸ್ಯರು ತಮ್ಮ ಖಾತೆ ನೋಡುವ ವ್ಯವಸ್ಥೆ ಮಾಡುವ ಬಗ್ಗೆ. ಛಾವಣಿಯ ಮೇಲೆ ಒಂದು ಗಂಟೆ ಚರ್ಚೆಯಾಗುತ್ತದೆ. ಮೈಲುತುತ್ತದ ಮೇಲೆ ಒಂದೂವರೆ ಗಂಟೆ. ಈ ಸಾಲಿಗೆ ಬರುವ ಹೊತ್ತಿಗೆ ಊಟಕ್ಕೆ ಎಲೆ ಹಾಕಿರುತ್ತಾರೆ, "ಒಪ್ಪಿಗೆ, ಒಪ್ಪಿಗೆ" ಎಂದು ಎಲ್ಲರೂ ಎದ್ದುಬಿಡುತ್ತೇವೆ. ಈ ಸಲ ಹಾಗಾಗಬಾರದೆಂದು ಇಷ್ಟನ್ನು ಬರೆಯುತ್ತಿದ್ದೇವೆ.

ಇಲ್ಲಿಯವರೆಗೆ ನಮ್ಮ ಪುಟದಲ್ಲಿ ಇದ್ದದ್ದು ದಿನದ ಧಾರಣೆ, ಟೆಂಡರಿನ ದಿನಾಂಕ, ಕೊಳೆಔಷಧಿ ಹೊಡೆಯುವ ಸೂಚನೆ ಇಷ್ಟೇ. ಅದು ಯಾರ್ಡಿನ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದಿಡುವ ಕಪ್ಪುಹಲಗೆ ಇದ್ದ ಹಾಗೆ. ಯಾರು ಬಂದರೂ ಓದುವುದು ಅದನ್ನೇ. ಇನ್ನು ಮುಂದೆ ಸದಸ್ಯರು ಮನೆಯಲ್ಲೇ ಕುಳಿತು ತಮ್ಮ ದಾಸ್ತಾನು ಎಷ್ಟು ಮೂಟೆ, ಯಾವ ಲಾಟು ಯಾವ ದರಕ್ಕೆ ಹೋಯಿತು, ಮುಂಗಡ ಎಷ್ಟು, ಬೆಳೆಸಾಲದ ಬಾಕಿ ಎಷ್ಟು ಎಂಬುದನ್ನು ನೋಡಬಹುದಂತೆ. ಹಣ ಜಮಾ ಆಗಬೇಕಾದ ಬ್ಯಾಂಕ್ ಖಾತೆಯನ್ನೂ ಅಲ್ಲಿಂದಲೇ ಬದಲಾಯಿಸಬಹುದಂತೆ. ಇದು ಆಗಬೇಕಾದ ಕೆಲಸವೇ. ಪಾರ್ಚ್‌ಮೆಂಟಿನ ಔಟ್‌ಟರ್ನ್ ಎಷ್ಟು ಬಂತೆಂದು ಕೇಳಲು, ಚಾಲಿ ಅಡಿಕೆಯ ಪಟ್ಟಿ ಆಯಿತೇ ಎಂದು ನೋಡಲು, ಕೊನೆಕೊಯ್ಲಿನ ನಡುವೆ ಒಂದು ದಿನದ ಕೆಲಸ ಕೆಡಿಸಿಕೊಂಡು ಬಸ್ಸು ಹತ್ತುವುದು ಎಲ್ಲರಿಗೂ ಸಾಕಾಗಿದೆ. ನಮ್ಮ ತಕರಾರು ಪ್ರಸ್ತಾಪದ ಎರಡನೆಯ ಭಾಗದ ಬಗ್ಗೆ ಮಾತ್ರ. ಅದರಲ್ಲಿ ಸದಸ್ಯತ್ವ ಸಂಖ್ಯೆಯೇ ಒಳಹೋಗುವ ಹೆಸರು, ಜನ್ಮದಿನಾಂಕವೇ ಪಾಸ್‌ವರ್ಡ್ ಎಂದಿದೆ. "ಸದಸ್ಯರಿಗೆ ನೆನಪಿಡಲು ಸುಲಭವಾಗಲಿ" ಎಂಬುದು ಕಾರಣ.

ಸುಲಭ ಹೌದು. ಯಾರಿಗೆ ಸುಲಭ ಎಂಬುದೇ ಪ್ರಶ್ನೆ. ನಮ್ಮ ಸಂಘದ ಚುನಾವಣೆಯ ಮತದಾರರ ಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸುತ್ತೇವೆ, ಅದರಲ್ಲಿ ಸದಸ್ಯತ್ವ ಸಂಖ್ಯೆ ಇದೆ. ಜನ್ಮದಿನಾಂಕವೆಂಬುದು ಆಧಾರ್ ಪ್ರತಿಯಲ್ಲಿದೆ, ಆ ಪ್ರತಿ ಪೇಟೆಯ ಎಲ್ಲ ಜೆರಾಕ್ಸ್ ಅಂಗಡಿಗಳಲ್ಲಿದೆ. ಅರವತ್ತು ತುಂಬಿದವರ ಶಾಂತಿಯ ಕರೆಯೋಲೆ ಊರಿಗೆಲ್ಲ ಹೋಗಿರುತ್ತದೆ. ಜನ್ಮದಿನಾಂಕ ಬೇಡವಾದರೆ ಫೋನ್ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಇಡೋಣ ಎಂದು ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರು ಸಲಹೆ ಮಾಡಿದ್ದಾರೆಂದು ತಿಳಿಯಿತು. ನಾಲ್ಕು ಅಂಕೆಗಳಲ್ಲಿ ಆಗುವುದು ಹತ್ತು ಸಾವಿರ ಜೋಡಣೆ ಮಾತ್ರ. ಮನುಷ್ಯನಾದರೆ ಇನ್ನೂರಕ್ಕೆ ಬೇಸತ್ತು ಬಿಡುತ್ತಾನೆ. ಯಂತ್ರಕ್ಕೆ ಬೇಸರವಿಲ್ಲ, ತಡೆಯುವವರಿಲ್ಲದಿದ್ದರೆ ಅದು ಹತ್ತು ಸಾವಿರವನ್ನೂ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಸುತ್ತದೆ.

"ನಮ್ಮ ಖಾತೆಯಲ್ಲಿ ಕದಿಯಲು ಏನಿದೆ?" ಎಂದು ಕೇಳುವವರು ಬಹಳ ಮಂದಿ. ಹಣವನ್ನು ಪಕ್ಕಕ್ಕಿಡಿ. ಯಾರ ಮನೆಯ ಎಷ್ಟು ಕ್ವಿಂಟಲ್ ಗೋದಾಮಿನಲ್ಲಿ ಬೆಲೆಗಾಗಿ ಕಾಯುತ್ತಿದೆ, ಯಾರಿಗೆ ಸಾಲದ ಗಡುವು ಹತ್ತಿರ ಬಂದಿದೆ ಎಂಬುದು ತಿಳಿದ ವ್ಯಾಪಾರಿ ಮಾತಿಗೆ ಕೂತಾಗ ಯಾರ ಕೈ ಮೇಲಾಗುತ್ತದೆಂಬುದನ್ನು ಬೆಳೆಗಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸಹಕಾರಿ ಮಾರಾಟ ಸಂಘಗಳು ಹುಟ್ಟಿದ್ದೇ ಆ ಸ್ಥಿತಿಯನ್ನು ತಪ್ಪಿಸಲು. ಇನ್ನು ಹಣ ಜಮಾ ಆಗುವ ಬ್ಯಾಂಕ್ ಖಾತೆಯನ್ನೇ ಬದಲಾಯಿಸುವ ಅವಕಾಶ ಕೊಟ್ಟ ಮೇಲೆ, ಒಂದು ವರ್ಷದ ಫಸಲು ಒಂದು ರಾತ್ರಿಯಲ್ಲಿ ಬೇರೆಯವರ ಹೆಸರಿಗೆ ಹೋಗಲು ಜನ್ಮದಿನಾಂಕವೊಂದೇ ಅಡ್ಡ ಎಂದಾಗುತ್ತದೆ.

ಈ ಯಂತ್ರದ ಕೆಲಸ ಹೇಗೆಂದು ಸ್ವಲ್ಪ ತಿಳಿದುಕೊಂಡರೆ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಲು ಅನುಕೂಲ. ನಮ್ಮ ಲೆಕ್ಕಪತ್ರವೆಲ್ಲ ಸರ್ವರ್ ಎಂಬ ಒಂದು ಕಂಪ್ಯೂಟರಿನಲ್ಲಿ ಇರುತ್ತದೆ. ಸದಸ್ಯರು ಫೋನಿನಲ್ಲಿ ಕೇಳಿದಾಗ ಅದು ಆ ಕ್ಷಣಕ್ಕೆ ಪುಟ ತಯಾರಿಸಿ ಕಳಿಸುತ್ತದೆ. ಆದರೆ ಅದಕ್ಕೊಂದು ಸ್ವಭಾವವಿದೆ. ಕೇಳಿದ ಮುಖವನ್ನು ಅದು ಮರುಗಳಿಗೆಗೆ ಮರೆತುಬಿಡುತ್ತದೆ. ಈಗ ದಾಸ್ತಾನು ಕೇಳಿದವರೇ ಮತ್ತೆ ಸಾಲದ ಬಾಕಿ ಕೇಳುತ್ತಿದ್ದಾರೆ ಎಂದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ಸಲ ಪಾಸ್‌ವರ್ಡ್ ಕೇಳಿ ಖಾತ್ರಿಯಾದ ಮೇಲೆ ಒಂದು ಚೀಟಿ ಬರೆದುಕೊಡುತ್ತದೆ. ಮುಂದಿನ ಪ್ರತಿ ಮಾತಿನ ಜೊತೆಗೂ ಫೋನು ಆ ಚೀಟಿಯನ್ನು ತಾನೇ ತೋರಿಸುತ್ತದೆ. ಇದಕ್ಕೆ ಕುಕಿ ಎಂದು ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬವರು ಹುಡುಕಿದ ಉಪಾಯವಿದು.

ಗೋದಾಮಿನ ಚೀಟಿಯ ಗುಣದೋಷ ನಮಗೆಲ್ಲ ಗೊತ್ತು. ಚೀಟಿ ಯಾರ ಕೈಯಲ್ಲಿದೆಯೋ ಸರಕು ಅವರದ್ದು. ಯಂತ್ರದ ಚೀಟಿಯೂ ಅಷ್ಟೇ. ಅದರ ಮೇಲೆ 101, 102 ಎಂದು ಸಾಲಾಗಿ ಸಂಖ್ಯೆ ಬರೆದರೆ ಪಕ್ಕದವರದ್ದನ್ನು ಊಹಿಸಲು ಬುದ್ಧಿವಂತಿಕೆ ಬೇಡ. ಆದ್ದರಿಂದ ಅದು ಯಾರೂ ಊಹಿಸಲಾಗದ ಉದ್ದನೆಯ ಅಡ್ಡಾದಿಡ್ಡಿ ಸಂಖ್ಯೆಯಾಗಿರಬೇಕು. ದಾರಿಯಲ್ಲಿ ಬೇರೆಯವರು ಓದದಂತೆ ಮುಚ್ಚಿದ ಸಂಪರ್ಕದಲ್ಲೇ ಸಾಗಬೇಕು. ಸದಸ್ಯರು "ಹೊರಗೆ ಹೋಗು" ಎಂದು ಒತ್ತಿದಾಗ ಫೋನಿನಲ್ಲಿ ಅಳಿಸಿಹೋದರೆ ಸಾಲದು, ಸರ್ವರಿನಲ್ಲೂ ರದ್ದಾಗಬೇಕು. ಪಾಸ್‌ವರ್ಡ್ ಬದಲಾಯಿಸಿದ ದಿನ ಹಿಂದೆ ಕೊಟ್ಟ ಚೀಟಿಗಳೆಲ್ಲ ಸಾಯಬೇಕು. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಖಾತೆ ನೋಡಿ ಹಾಗೇ ಎದ್ದು ಬರುವ ಅಭ್ಯಾಸ ನಮ್ಮಲ್ಲಿ ಬಹಳವಾದ್ದರಿಂದ, ಕೆಲವು ನಿಮಿಷ ಸುಮ್ಮನಿದ್ದರೆ ಚೀಟಿ ತಾನಾಗಿ ಮುಗಿಯುವಂತಿರಬೇಕು.

ಚೀಟಿ ಸರಿಯಾಗಿದ್ದರೂ ಇನ್ನೊಂದು ತಪ್ಪು ಉಳಿಯುತ್ತದೆ. ಬಂದವರು ಯಾರು ಎಂಬುದು ಒಂದು ಪ್ರಶ್ನೆ, ಅವರು ಏನನ್ನು ನೋಡಬಹುದು ಎಂಬುದು ಬೇರೆಯೇ ಪ್ರಶ್ನೆ. ಹೆಬ್ಬಾಗಿಲಲ್ಲಿ ಕಾವಲುಗಾರ ವಿಚಾರಿಸಿ ಒಳಗೆ ಬಿಟ್ಟ, ಒಳಗೆ ಹೋದವರು ಯಾವ ಕಪಾಟನ್ನು ಬೇಕಾದರೂ ತೆಗೆದರು ಎಂದರೆ ಕಾವಲು ಇದ್ದೂ ಏನು ಬಂತು? 417ನೇ ಸದಸ್ಯರು ನ್ಯಾಯವಾಗಿಯೇ ಒಳಗೆ ಹೋಗಿ, ಪುಟದ ವಿಳಾಸದ ಸಾಲಿನಲ್ಲಿ ಕಾಣುವ 417 ಎಂಬುದನ್ನು ಅಳಿಸಿ 418 ಎಂದು ಬರೆದರೆ ನೆರೆಮನೆಯವರ ಸಾಲದ ಲೆಕ್ಕ ಕಾಣಿಸಬಾರದು. ಕೇಳಿದರೆ ತಮಾಷೆ ಎನಿಸುತ್ತದೆ. ಆದರೆ ಇಂಥ ತಂತ್ರಾಂಶಗಳ ದೋಷಗಳನ್ನು ಪಟ್ಟಿ ಮಾಡುವ ಓವಾಸ್ಪ್ ಎಂಬ ಸಂಸ್ಥೆ 2021ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಈ ಜಾತಿಯ ತಪ್ಪಿಗೇ. ಪ್ರತಿ ಕಪಾಟಿನ ಮುಂದೆಯೂ "ಇದು ನಿಮ್ಮದೇ ಹೌದೇ" ಎಂದು ಸರ್ವರ್ ಕೇಳಲೇಬೇಕು.

ಪಾಸ್‌ವರ್ಡನ್ನು ಸಂಘ ಹೇಗೆ ಬಚ್ಚಿಡುತ್ತದೆ ಎಂಬುದು ಮುಂದಿನ ವಿಷಯ. ಇದಕ್ಕೆ ಒಂದು ಹಳೆಯ ಕತೆ ಇದೆ. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಮೊದಲು ನಡೆಸಿ ತೋರಿಸಿದರು. ಒಬ್ಬರ ಕಾಗದ ಇನ್ನೊಬ್ಬರು ನೋಡದಿರಲೆಂದು ಅಲ್ಲಿ ಪಾಸ್‌ವರ್ಡ್ ಬಂತು. ಎಲ್ಲರ ಪಾಸ್‌ವರ್ಡುಗಳೂ ಇದ್ದಂತೆಯೇ ಒಂದು ಕಡತದಲ್ಲಿ ಬರೆದಿಟ್ಟಿದ್ದವು. ಕೆಲವೇ ವರ್ಷಗಳಲ್ಲಿ, ಇಬ್ಬರು ವ್ಯವಸ್ಥಾಪಕರು ಒಂದೇ ಹೊತ್ತಿಗೆ ಎರಡು ಬೇರೆ ಕಡತಗಳನ್ನು ತಿದ್ದುತ್ತಿದ್ದಾಗ ಎರಡೂ ಅದಲುಬದಲಾದವು. ಅಂದು ಒಳಗೆ ಬಂದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಎದುರಿಗೆ ಮೂಡಿ ನಿಂತಿತು. ಕಳ್ಳರು ಯಾರೂ ಬಂದಿರಲಿಲ್ಲ. ಬರೆದಿಟ್ಟದ್ದೇ ತಪ್ಪಾಗಿತ್ತು.

ಹಾಗಾದರೆ ಬರೆದಿಡದೆ ಪರೀಕ್ಷಿಸುವುದು ಹೇಗೆ? 1979ರಲ್ಲಿ ಬೆಲ್ ಲ್ಯಾಬೊರೇಟರಿಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದರ ಉತ್ತರವನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೀಜವನ್ನು ಹುರಿದು ಪುಡಿ ಮಾಡಿಡುವುದು. ಪುಡಿಯಿಂದ ಯಾರೂ ಬೀಜವನ್ನು ಮರಳಿ ಮಾಡಲಾರರು. ಸದಸ್ಯರು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಅದೇ ರೀತಿ ಹುರಿದು ಪುಡಿ ಮಾಡಿ, ಎರಡು ಪುಡಿಯೂ ಒಂದೇ ಎಂದಾದರೆ ಒಳಗೆ ಬಿಡುವುದು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಪುಡಿ ಬೇರೆಯಾಗುವಂತೆ ಪ್ರತಿಯೊಬ್ಬರದ್ದಕ್ಕೂ ಬೇರೆ ಬೇರೆ ಚಿಟಿಕೆ ಬೆರಕೆ ಹಾಕಬೇಕು. ಇಂಗ್ಲಿಷಿನವರು ಇದನ್ನು ಉಪ್ಪು ಎಂದೇ ಕರೆಯುತ್ತಾರೆ. ಜೊತೆಗೆ ಈ ಪುಡಿ ಮಾಡುವ ಕೆಲಸ ಬೇಕೆಂದೇ ನಿಧಾನವಾಗಿರಬೇಕು. ನ್ಯಾಯವಾಗಿ ಬರುವ ಸದಸ್ಯರು ಅರೆಕ್ಷಣ ಕಾದರೆ ನಷ್ಟವಿಲ್ಲ, ಕೋಟಿ ಸಲ ಪ್ರಯತ್ನಿಸುವ ಕಳ್ಳನಿಗೆ ಆ ಅರೆಕ್ಷಣವೇ ತಿಂಗಳುಗಳಾಗುತ್ತದೆ. 1999ರಲ್ಲಿ ಬಂದ ಬಿಕ್ರಿಪ್ಟ್ ಎಂಬ ವಿಧಾನದಲ್ಲಿ, ಯಂತ್ರಗಳ ವೇಗ ಹೆಚ್ಚಿದಂತೆ ನಿಧಾನವನ್ನೂ ಹೆಚ್ಚಿಸಿಕೊಳ್ಳಬಹುದು.

ಇಷ್ಟು ವರ್ಷದ ಹಿಂದೆಯೇ ತಿಳಿದದ್ದನ್ನು ಮಾಡದೆ ದೊಡ್ಡ ದೊಡ್ಡ ಕಂಪನಿಗಳೇ ಪೆಟ್ಟು ತಿಂದಿವೆ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೊರಬಿದ್ದವು. ಪುಡಿಯಲ್ಲ, ಇಡೀ ಬೀಜ. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಹೋದದ್ದು ಸುಮಾರು 65 ಲಕ್ಷ ಎಂದು ಮೊದಲು ತಿಳಿದರು, 2016ರಲ್ಲಿ ನೋಡಿದರೆ ಅದು 11 ಕೋಟಿಗೂ ಮೇಲಿತ್ತು. ಅಲ್ಲಿ ಪುಡಿ ಮಾಡಿದ್ದರು, ಆದರೆ ಉಪ್ಪು ಹಾಕಿರಲಿಲ್ಲ.

ನಮ್ಮ ಸದಸ್ಯರು ಸಭೆಯಲ್ಲಿ ಕೇಳಬಹುದಾದ ಒಂದು ಸರಳ ಪ್ರಶ್ನೆಯಿದೆ. "ನಾನು ಪಾಸ್‌ವರ್ಡ್ ಮರೆತರೆ, ಅದು ಏನಿತ್ತೆಂದು ನೀವು ಹೇಳಬಲ್ಲಿರಾ?" ಗುತ್ತಿಗೆದಾರರು ಹೆಮ್ಮೆಯಿಂದ "ಓಹೋ, ಹೇಳಬಲ್ಲೆವು" ಎಂದರೆ ಆ ಕೆಲಸವನ್ನು ಅವರಿಗೆ ಕೊಡಬಾರದು.

ಪಾಸ್‌ವರ್ಡ್ ಹೇಗಿರಬೇಕೆಂಬ ವಿಷಯದಲ್ಲಿ ನಮಗೆ ಕಾಟವೂ ಬೇಡ. ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆ ಇರಲೇಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು ಎಂಬ ಕಟ್ಟಳೆಗಳಿಂದ ಜನ ಗೋಡೆಯ ಕ್ಯಾಲೆಂಡರಿನ ಮೇಲೆ ಪಾಸ್‌ವರ್ಡ್ ಬರೆದಿಡುವುದನ್ನು ಕಲಿತರೇ ವಿನಾ ಬೇರೇನೂ ಆಗಲಿಲ್ಲ. ಈ ಕಟ್ಟಳೆಗಳಿಗೆ ಮೂಲವಾದ ಅಮೆರಿಕದ ಸರಕಾರಿ ಮಾರ್ಗದರ್ಶಿಯನ್ನು 2003ರಲ್ಲಿ ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರ ಬಹುಪಾಲಿಗೆ ತಾವು ವಿಷಾದಪಡುವುದಾಗಿ ಹೇಳಿದರು. ಅದೇ ವರ್ಷ ಮಾರ್ಗದರ್ಶಿಯೂ ಬದಲಾಯಿತು. ಸುಮ್ಮಸುಮ್ಮನೆ ಬದಲಾಯಿಸಲು ಒತ್ತಾಯಿಸಬೇಡಿ, ಉದ್ದವಾಗಿರಲಿ, ಈಗಾಗಲೇ ಬಯಲಾದ ಪಾಸ್‌ವರ್ಡುಗಳ ಪಟ್ಟಿಯಲ್ಲಿ ಇದ್ದರೆ ಬೇಡವೆನ್ನಿ ಎಂಬುದು ಹೊಸ ಮಾತು. ನಾಲ್ಕೈದು ಸಂಬಂಧವಿಲ್ಲದ ಪದ ಜೋಡಿಸಿ ಇಟ್ಟುಕೊಂಡರೆ ಅಜ್ಜಿಯರಿಗೂ ನೆನಪಿರುತ್ತದೆ.

ಆ ಪದಗಳನ್ನು ಕನ್ನಡದಲ್ಲೇ ಬರೆಯಲು ಅವಕಾಶವಿರಬೇಕೆಂದು ನಾವು ಕೇಳುತ್ತೇವೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಗುತ್ತಿಗೆದಾರರ ಗಮನಕ್ಕೆ ತರಬೇಕು. "ಕೊಟ್ಟಿಗೆ" ಎಂಬ ಪದದ "ಕೊ" ಅಕ್ಷರದ ಒಕಾರವನ್ನು ಯಂತ್ರದಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪುಡಿ ಮಾತ್ರ ಬೇರೆ ಬೇರೆ. ಮನೆಯ ಫೋನಿನಲ್ಲಿ ಇಟ್ಟ ಪಾಸ್‌ವರ್ಡನ್ನು ಮಗನ ಕಂಪ್ಯೂಟರಿನಲ್ಲಿ ಬರೆದಾಗ "ತಪ್ಪು" ಎಂದರೆ ಸದಸ್ಯರು ತಮ್ಮ ನೆನಪನ್ನೇ ಶಂಕಿಸುತ್ತಾರೆ. ಪುಡಿ ಮಾಡುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವುದು ಒಂದು ಸಾಲಿನ ಕೆಲಸ. ಆದರೆ ಹೇಳದಿದ್ದರೆ ಮಾಡುವುದಿಲ್ಲ.

ತಪ್ಪು ಪಾಸ್‌ವರ್ಡ್ ಐದು ಸಲ ಹಾಕಿದರೆ ಖಾತೆಗೆ ಬೀಗ ಎಂಬ ನಿಯಮವೂ ಪ್ರಸ್ತಾಪದಲ್ಲಿದೆ. ಮೇಲುನೋಟಕ್ಕೆ ಒಳ್ಳೆಯದೇ. ಆದರೆ ಪಾಲಿನ ವ್ಯಾಜ್ಯವಿರುವ ದಾಯಾದಿಯೊಬ್ಬರು ಟೆಂಡರಿನ ಬೆಳಿಗ್ಗೆ ಬೇಕೆಂದೇ ಐದು ಸಲ ತಪ್ಪು ಒತ್ತಿದರೆ? ಇಂಥದ್ದು ನಮ್ಮ ಊರುಗಳಲ್ಲಿ ಆಗುವುದಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ? ಬೀಗ ಹಾಕುವುದಕ್ಕಿಂತ, ಪ್ರತಿ ತಪ್ಪಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋಗುವುದು, ಎಲ್ಲಿಂದ ಪ್ರಯತ್ನ ಬರುತ್ತಿದೆಯೋ ಆ ಕಡೆಯನ್ನು ತಡೆಯುವುದು ಮೇಲು.

ಇಷ್ಟೆಲ್ಲ ಆದರೂ ಅರ್ಧ ಕೆಲಸವೇ. ಬಾಗಿಲು ಮಾಡಿಸುವುದು ಒಂದು ದಿನದ ಖರ್ಚು, ಬೀಗದಕೈಗಳ ಲೆಕ್ಕ ಇಡುವುದು ವರ್ಷಪೂರ್ತಿಯ ಕೆಲಸ. ಗುತ್ತಿಗೆದಾರರ ದರಪಟ್ಟಿಯಲ್ಲಿ ಮೊದಲನೆಯದಕ್ಕೆ ಒಂದು ಮೊಬಲಗು ಇದೆ, ಎರಡನೆಯದರ ಹೆಸರೇ ಇಲ್ಲ.

ಮರೆತುಹೋದ ಪಾಸ್‌ವರ್ಡನ್ನೇ ತೆಗೆದುಕೊಳ್ಳಿ. ಮುಂಬಾಗಿಲಿಗೆ ಎಷ್ಟೇ ಗಟ್ಟಿ ಅಗುಳಿ ಇರಲಿ, ಹಿತ್ತಿಲ ಬಾಗಿಲು ಎಷ್ಟು ಗಟ್ಟಿಯೋ ಮನೆ ಅಷ್ಟೇ ಗಟ್ಟಿ. ಫೋನಿಗೆ ಒ.ಟಿ.ಪಿ. ಕಳಿಸುತ್ತೇವೆ ಎನ್ನುತ್ತಾರೆ. ನಮ್ಮ ಅರ್ಧದಷ್ಟು ಸದಸ್ಯರ ಮನೆಯಲ್ಲಿ ಸಿಗ್ನಲ್ ಬೇಕಾದರೆ ಕಣದ ಮೂಲೆಗೋ ಗುಡ್ಡದ ನೆತ್ತಿಗೋ ಹೋಗಬೇಕು, ಹೋಗಿ ಬರುವಷ್ಟರಲ್ಲಿ ಒ.ಟಿ.ಪಿ.ಯ ಅವಧಿ ಮುಗಿದಿರುತ್ತದೆ. ಸಂಘದಲ್ಲಿ ಬರೆಸಿದ ನಂಬರು ಎಷ್ಟೋ ಕಡೆ ಮಗನದ್ದು, ಅಳಿಯನದ್ದು, ಹಿಂದೆ ಕೆಲಸಕ್ಕಿದ್ದ ರೈಟರದ್ದು. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿಯವರು ಕೆಲ ತಿಂಗಳ ಮೇಲೆ ಬೇರೊಬ್ಬರಿಗೆ ಕೊಟ್ಟುಬಿಡುತ್ತಾರೆ. ನಮ್ಮ ಸದಸ್ಯರೊಬ್ಬರಿಗೆ ಹೀಗೇ ಆಗಿತ್ತು. ಅವರ ಪಟ್ಟಿಯ ಸಂದೇಶಗಳೆಲ್ಲ ಒಂದು ವರ್ಷ ಕಾಲ ಬಯಲುಸೀಮೆಯ ಯಾರೋ ಅಪರಿಚಿತರಿಗೆ ಹೋಗುತ್ತಿದ್ದವು. ಆ ಮಹನೀಯರೇ ಕೊನೆಗೆ ಕಛೇರಿಗೆ ಫೋನ್ ಮಾಡಿ, "ನಿಮ್ಮ ಅಡಿಕೆ ದುಡ್ಡಿನ ವಿಷಯ ನನಗೆ ಯಾಕೆ ತಿಳಿಸುತ್ತೀರಿ ಸ್ವಾಮಿ" ಎಂದು ಕೇಳಿದರು. ಅವರು ಒಳ್ಳೆಯವರಾಗಿದ್ದರು. ಆ ನಂಬರಿಗೆ ಹೋಗುವುದು ಬರೀ ಸಂದೇಶವಾಗದೆ ಪಾಸ್‌ವರ್ಡ್ ಬದಲಿಸುವ ಒ.ಟಿ.ಪಿ.ಯಾಗಿದ್ದರೆ, ಮತ್ತು ಅವರು ಒಳ್ಳೆಯವರಲ್ಲದಿದ್ದರೆ?

ಆದ್ದರಿಂದ ನಂಬರು ಸಾಕ್ಷಿಯಾಗಿರಲಿ, ಗುರುತಾಗುವುದು ಬೇಡ. ಖಾತೆ ಆರಂಭಿಸುವಾಗ ಸದಸ್ಯರು ಒಮ್ಮೆ ಕೌಂಟರಿಗೆ ಬಂದು, ಪಾಸ್‌ಪುಸ್ತಕ ತೋರಿಸಿ, ಸಹಿ ಹಾಕಿ, ಮುಚ್ಚಿದ ಲಕೋಟೆಯಲ್ಲಿ ಒಂದೇ ಸಲ ಬಳಕೆಯಾಗುವ ಸಂಕೇತ ಪಡೆಯಲಿ. ಮರೆತಾಗಲೂ ಅದೇ ದಾರಿ ಇರಲಿ. ಫೋನಿನ ಮೇಲೆ ನಂಬಿಕೆಯುಳ್ಳವರು ಒ.ಟಿ.ಪಿ. ಆಯ್ದುಕೊಳ್ಳಲಿ. ಫೋನಿನ ಬೆರಳಚ್ಚಿನಿಂದಲೇ ತೆರೆಯುವ ಪಾಸ್‌ಕೀ ಎಂಬುದೂ ಈಗ ಬಂದಿದೆ, ಬೇಕೆಂಬ ಕಿರಿಯರಿಗೆ ಅದನ್ನೂ ಕೊಡಲಿ. ಎಲ್ಲವನ್ನೂ ಎಲ್ಲರ ಮೇಲೆ ಹೇರುವುದು ಬೇಡ.

ಇನ್ನು ಮನೆಯೊಳಗಿನ ವಿಷಯ. ಸ್ವಲ್ಪ ಸಂಕೋಚದಿಂದಲೇ ಬರೆಯುತ್ತೇವೆ. ನಮ್ಮ ಷೇರು ರಿಜಿಸ್ಟರಿನಲ್ಲಿ ಮಹಿಳೆಯರ ಹೆಸರು ಹಿಂದಿಗಿಂತ ಹೆಚ್ಚಿದೆ, ಸಂತೋಷ. ಆ ಖಾತೆಗಳಲ್ಲಿ ಎಷ್ಟನ್ನು ಅವರೇ ನೋಡುತ್ತಾರೆ ಎಂಬುದು ಕಛೇರಿಯ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ತೋಟ ತನ್ನ ಹೆಸರಿಗೆ ಬಂದ ಹೆಣ್ಣುಮಗಳೊಬ್ಬಳು, ತನ್ನ ಅಡಿಕೆ ಎಷ್ಟಕ್ಕೆ ಹೋಯಿತೆಂದು ಮೈದುನನ್ನು ಕೇಳಿ ತಿಳಿಯಬೇಕಾದ ಸ್ಥಿತಿ ಇವತ್ತಿಗೂ ಇದೆ. ಜನ್ಮದಿನಾಂಕದ ಪಾಸ್‌ವರ್ಡ್ ಇಟ್ಟರೆ ಆ ಸ್ಥಿತಿ ಹಾಗೆಯೇ ಯಂತ್ರಕ್ಕೂ ಇಳಿಯುತ್ತದೆ, ಏಕೆಂದರೆ ಮನೆಯವರಿಗೆ ಗೊತ್ತಿಲ್ಲದ ಜನ್ಮದಿನಾಂಕವಿಲ್ಲ. ಆಕೆಯೇ ಆರಿಸಿಕೊಂಡ ಪಾಸ್‌ವರ್ಡ್ ಇದ್ದರೆ, ಕೊನೆಯ ಪಕ್ಷ ನೋಡುವ ಹಕ್ಕು ಆಕೆಯ ಕೈಯಲ್ಲಿರುತ್ತದೆ. ಯಾರಿಗೆ ತೋರಿಸಬೇಕೆಂಬುದು ಆಕೆಯ ಇಷ್ಟ. ಈ ಒಂದು ಕಾರಣಕ್ಕಾಗಿಯಾದರೂ ಪ್ರಸ್ತಾಪ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಮಗ ಬೆಂಗಳೂರಿನಲ್ಲಿದ್ದಾನೆ, ಲೆಕ್ಕ ಅವನೇ ನೋಡುತ್ತಾನೆ ಎನ್ನುವ ಹಿರಿಯರಿಗೂ ದಾರಿ ಬೇಕು. ತಮ್ಮ ಪಾಸ್‌ವರ್ಡನ್ನೇ ಅವನಿಗೆ ಕೊಡುವುದು ದಾರಿಯಲ್ಲ. ಅವನಿಗೆ ಅವನದ್ದೇ ಪ್ರವೇಶ, ತಂದೆಯ ಖಾತೆಯನ್ನು ನೋಡುವ ಅಧಿಕಾರ ಮಾತ್ರ, ಬದಲಾಯಿಸುವ ಅಧಿಕಾರವಿಲ್ಲ, ತಂದೆ ಬೇಡವೆಂದ ದಿನ ಅದು ನಿಲ್ಲುತ್ತದೆ ಎಂಬ ಏರ್ಪಾಡು ಆಗಬೇಕು. ಸದಸ್ಯರು ತೀರಿಕೊಂಡರೆ ಖಾತೆ ಆ ದಿನವೇ ತಟಸ್ಥವಾಗಿ, ನಾಮಿನಿಯ ಕಾಗದಪತ್ರ ಇತ್ಯರ್ಥವಾಗುವವರೆಗೆ ಯಾರೂ ಮುಟ್ಟದಂತಿರಬೇಕು. ಹದಿಮೂರನೆಯ ದಿನದೊಳಗೆ ಬ್ಯಾಂಕ್ ಖಾತೆ ಬದಲಾಗಿ ಹೋಗುವುದು ಬೇಡ.

ಕಛೇರಿಯ ಕಡೆಗೂ ತಿರುಗಬೇಕು. ಸಿಬ್ಬಂದಿಯ ಮನಸ್ಸು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ಈಗಿರುವ ಲೆಕ್ಕದ ತಂತ್ರಾಂಶವನ್ನು ಐವರು ಗುಮಾಸ್ತರೂ "ಅಡ್ಮಿನ್" ಎಂಬ ಒಂದೇ ಹೆಸರಿನಲ್ಲಿ ತೆರೆಯುತ್ತಾರೆ, ಪಾಸ್‌ವರ್ಡ್ ಮೇಜಿನ ಗಾಜಿನ ಕೆಳಗೆ ದೇವರ ಪಟದ ಪಕ್ಕದಲ್ಲಿದೆ. ಒಂದು ಅಂಕೆ ತಪ್ಪಾದರೆ ಯಾರು ಬರೆದರೆಂದು ಹೇಳುವ ಹಾಗಿಲ್ಲ. ಇದು ಸದಸ್ಯರಿಗಿಂತ ಮೊದಲು ಸಿಬ್ಬಂದಿಗೇ ಅಪಾಯ, ಏಕೆಂದರೆ ತಪ್ಪು ಮಾಡದ ಗುಮಾಸ್ತರೂ ತಾವಲ್ಲವೆಂದು ಸಾಧಿಸಲಾರರು. ಹಿಂದೆ ಲೆಡ್ಜರಿನಲ್ಲಿ ಕೈಬರಹವಾದರೂ ಸಾಕ್ಷಿ ಹೇಳುತ್ತಿತ್ತು. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ತಾಲ್ಲೂಕು ಕಛೇರಿಯಲ್ಲಿ ಬದಲಾವಣೆ ಮಾಡುವ ನೌಕರರು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂದು ಮಾಡಿದ್ದು ಇದೇ ಕಾರಣಕ್ಕೆ. ನಮ್ಮಲ್ಲೂ ಪ್ರತಿಯೊಬ್ಬರಿಗೂ ಅವರದ್ದೇ ಹೆಸರು, ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ. ತೂಕ ಬರೆಯುವವರು ಸಾಲದ ಬಡ್ಡಿ ತಿದ್ದುವಂತಿರಬಾರದು. ನಿವೃತ್ತರಾದವರ ಪ್ರವೇಶ ಹಾರ ಹಾಕಿದ ದಿನವೇ ಮುಗಿಯಬೇಕು.

ಬ್ಯಾಂಕ್ ಖಾತೆ ಬದಲಾವಣೆಯನ್ನಂತೂ ಒಬ್ಬರೇ ಮಾಡುವಂತಿರಲೇಬಾರದು. ಸದಸ್ಯರು ಕೋರಲಿ, ಒಬ್ಬರು ಪರಿಶೀಲಿಸಲಿ, ಇನ್ನೊಬ್ಬರು ಒಪ್ಪಲಿ, ಹಳೆಯ ನಂಬರಿಗೂ ಹೊಸ ನಂಬರಿಗೂ ಸಂದೇಶ ಹೋಗಲಿ, ಮೂರು ದಿನ ಕಳೆದ ಮೇಲೆ ಜಾರಿಗೆ ಬರಲಿ. ಅವಸರದವರಿಗೆ ಬೇಸರವಾಗಬಹುದು. ಬ್ಯಾಂಕನ್ನು ನಾವು ಬದಲಾಯಿಸುವುದು ಜೀವಮಾನದಲ್ಲಿ ಎರಡೋ ಮೂರೋ ಸಲ, ಮೂರು ದಿನ ಕಾಯಬಹುದು. ಯಾರು, ಯಾವಾಗ, ಏನು ಮಾಡಿದರೆಂಬ ದಿನಚರಿಯನ್ನು ಯಂತ್ರ ತಾನೇ ಬರೆದಿಡಬೇಕು, ಅದನ್ನು ಅಡ್ಮಿನ್ ಕೂಡ ಅಳಿಸಲಾಗಬಾರದು. ಕೇಂದ್ರ ಸರಕಾರದ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಇಂಥ ದಾಖಲೆಗಳನ್ನು 180 ದಿನ ಇಡಬೇಕೆಂದೂ, ಕನ್ನ ಬಿದ್ದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಇದೆ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಮಾಹಿತಿ ಇಟ್ಟುಕೊಂಡವರ ಮೇಲೆಯೇ ಅದರ ರಕ್ಷಣೆಯ ಹೊಣೆ ಹೊರಿಸುತ್ತದೆ. ಗುತ್ತಿಗೆದಾರರು ಮಾಡಿದ್ದು ಎಂದು ಆಡಳಿತ ಮಂಡಳಿ ಕೈತೊಳೆದುಕೊಳ್ಳಲಾಗದು.

ಇಷ್ಟು ಕೇಳಿದರೆ ಖರ್ಚು ಮೂರು ಪಟ್ಟಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಗುತ್ತಿಗೆದಾರರು ಲಾಗಿನ್ ವ್ಯವಸ್ಥೆಯನ್ನು ತಾವೇ ಹೊಸದಾಗಿ ಬರೆಯುತ್ತೇವೆಂದು ಹೇಳಿ ಅದಕ್ಕೆ ಹಣ ಕೇಳಿದ್ದಾರೆ. ನಮಗೆ ಅದೇ ಬೇಡ. ಬೀಗವನ್ನು ಊರ ಬಡಗಿಯ ಕೈಯಲ್ಲಿ ಮಾಡಿಸುವವರಿಲ್ಲ. ಲೋಕವೆಲ್ಲ ಬಳಸಿ ಪರೀಕ್ಷಿಸಿದ ಬೀಗಗಳು ಪುಕ್ಕಟೆಯಾಗಿಯೇ ಇವೆ. ಅಮೆರಿಕದ ಕಾನ್ಸಸ್ ಪ್ರಾಂತ್ಯದ ಲಾರೆನ್ಸ್ ಎಂಬ ಊರಿನ ಒಂದು ವೃತ್ತಪತ್ರಿಕೆಯ ಕಛೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾದ ಜ್ಯಾಂಗೋ ಎಂಬ ಚೌಕಟ್ಟಿನಲ್ಲಿ ಸದಸ್ಯರ ಖಾತೆ, ಗುಂಪು, ಅಧಿಕಾರ, ಚೀಟಿ, ಮರೆತ ಪಾಸ್‌ವರ್ಡಿನ ಏರ್ಪಾಡು ಎಲ್ಲ ಒಟ್ಟಿಗೇ ಬರುತ್ತವೆ. ಪಾಸ್‌ವರ್ಡನ್ನು ಅದು ಉಪ್ಪು ಬೆರೆಸಿ ಲಕ್ಷಗಟ್ಟಲೆ ಸಲ ಅರೆದು ಇಡುತ್ತದೆ. ಲಾರಾವೆಲ್, ರೈಲ್ಸ್ ಎಂಬ ಬೇರೆ ಚೌಕಟ್ಟುಗಳಲ್ಲೂ ಇದಕ್ಕೆ ಸಿದ್ಧ ಸಾಮಗ್ರಿ ಇದೆ. ಕಪಾಟಿನ ಮುಂದಿನ ಪ್ರಶ್ನೆ, ಇಬ್ಬರ ಒಪ್ಪಿಗೆ, ನಾಮಿನಿಯ ನಿಯಮ ಇವು ಮಾತ್ರ ನಮ್ಮ ಸಂಘಕ್ಕೆ ತಕ್ಕಂತೆ ಹೊಸದಾಗಿ ಆಗಬೇಕು. ದುಡ್ಡು ಅಲ್ಲಿ ಹೋಗಲಿ.

ಒಂದು ವಿಷಯವನ್ನು ಮಾತ್ರ ಮೊದಲ ದಿನವೇ ನಿರ್ಧರಿಸಬೇಕು. ಅಡಿಕೆಯನ್ನು ಒಂಬತ್ತು ಅಡಿಗೊಂದು ನೆಟ್ಟ ಮೇಲೆ, ಅಂತರ ಸಾಲದೆಂದು ಹತ್ತನೆಯ ವರ್ಷ ಮರ ಸರಿಸುವಂತಿಲ್ಲ. ಸದಸ್ಯರನ್ನು ಯಂತ್ರ ಯಾವ ಗುರುತಿನಿಂದ ಹಿಡಿದಿಡುತ್ತದೆ ಎಂಬುದೂ ಹಾಗೆಯೇ. ಖಾತೆ ತುಂಬಿದ ಮೇಲೆ ಅದನ್ನು ಬದಲಾಯಿಸುವುದು ಬಹಳ ಕಷ್ಟವೆಂದು ಜ್ಯಾಂಗೋ ಮಾಡಿದವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ಫೋನ್ ನಂಬರನ್ನೇ ಗುರುತಾಗಿ ಇಟ್ಟರೆ ನಂಬರು ಬದಲಾದ ದಿನ ಸದಸ್ಯರೇ ಕಳೆದುಹೋಗುತ್ತಾರೆ. ಎಂದೂ ಬದಲಾಗದ, ಹೊರಗೆ ಯಾರಿಗೂ ಕಾಣದ ಒಂದು ಸಂಖ್ಯೆ ಒಳಗಿರಲಿ, ಹೆಸರು, ನಂಬರು, ಸದಸ್ಯತ್ವ ಸಂಖ್ಯೆ ಅದರ ಮೇಲೆ ಕೂತುಕೊಳ್ಳಲಿ.

ಫೋನೇ ಬೇಡ, ಪುಟವೇ ಬೇಡ ಎನ್ನುವ ಸದಸ್ಯರಿದ್ದಾರೆ. ಅವರ ಕಡೆಗೂ ನಾವಿದ್ದೇವೆ. ಪಾಸ್‌ಪುಸ್ತಕವನ್ನೂ ಕೌಂಟರನ್ನೂ ನಿಲ್ಲಿಸುವುದಿಲ್ಲವೆಂದು ಠರಾವಿನಲ್ಲೇ ಬರೆಯಬೇಕು. ಹಾಗೆ ಬೇಡವೆಂದವರ ಖಾತೆಗೆ ಯಂತ್ರದಲ್ಲಿ ಪ್ರವೇಶವನ್ನೇ ತೆರೆಯಬಾರದು. ಈಗಿನ ಪ್ರಸ್ತಾಪದಂತೆ ಎಲ್ಲ ಸದಸ್ಯರಿಗೂ ಒಮ್ಮೆಲೇ ಜನ್ಮದಿನಾಂಕ ಹಾಕಿ ತೆರೆದಿಟ್ಟರೆ, ಎಂದೂ ಒಳಗೆ ಹೋಗದವರ ಬಾಗಿಲುಗಳೇ ಎಲ್ಲಕ್ಕಿಂತ ಹೆಚ್ಚು ಕಾಲ ತೆರೆದಿರುತ್ತವೆ.

ಸಂಘದ ಪತ್ರಿಕೆಯಲ್ಲೇ ಆಡಳಿತ ಮಂಡಳಿಯ ಪ್ರಸ್ತಾಪವನ್ನು ಹೀಗೆ ಎಳೆದಾಡುವುದು ಸರಿಯೇ ಎಂದು ಕೆಲವರು ಕೇಳಬಹುದು. ಮಂಡಳಿಯವರ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಕರಡನ್ನು ಓದಲು ಕೊಟ್ಟವರೂ ಅವರೇ. ಠರಾವಿಗೆ ತಿದ್ದುಪಡಿ ಸೂಚಿಸುವವರು ಸಭೆಗೆ ಏಳು ದಿನ ಮುಂಚೆ ಲಿಖಿತವಾಗಿ ಕಾರ್ಯದರ್ಶಿಗಳಿಗೆ ಕೊಡಬೇಕೆಂದು ಕಾರ್ಯಸೂಚಿಯ ಹಿಂಬದಿಯಲ್ಲಿ ಅಚ್ಚಾಗಿದೆ. ಮೇಲೆ ಹೇಳಿದವುಗಳಲ್ಲಿ ಜನ್ಮದಿನಾಂಕದ ಪಾಸ್‌ವರ್ಡ್ ಬೇಡ, ಬ್ಯಾಂಕ್ ಖಾತೆ ಬದಲಾವಣೆಗೆ ಇಬ್ಬರ ಒಪ್ಪಿಗೆ ಬೇಕು, ಸಿಬ್ಬಂದಿಗೆ ಬೇರೆ ಬೇರೆ ಹೆಸರು ಬೇಕು ಎಂಬ ಮೂರನ್ನು ನಾವು ಬರೆದು ಕೊಡುತ್ತಿದ್ದೇವೆ. ಅನುಮೋದಿಸಲು ಸಹಿ ಬೇಕು. ಕಾಗದವನ್ನು ಸಂಘದ ಗೊಬ್ಬರದ ಡಿಪೋದಲ್ಲಿ ಇಟ್ಟಿದ್ದೇವೆ, ಸುಣ್ಣಕ್ಕೆ ಬಂದವರು ಓದಿ ನೋಡಬಹುದು.